ಸಹಿ ನಮ್ಮದು, ನುಡಿ ಯಾರದು?

ಹೊರನಾಡಿನಲ್ಲಿ ನೆಲೆಸಿದ ನಾವು ಕನ್ನಡದ ಬಗ್ಗೆ ಸಾಕಷ್ಟು ಮಾತನಾಡುತ್ತೇವೆ. ರಾಜ್ಯೋತ್ಸವದ ವೇದಿಕೆಯ ಮೇಲೆ, ದಾಸರ ಆರಾಧನೆಯ ಪಂಕ್ತಿಯಲ್ಲಿ, ಹವ್ಯಾಸಿ ನಾಟಕದ ವಿರಾಮದಲ್ಲಿ ಭಾಷೆಯ ಅಳಿವು ಉಳಿವುಗಳ ಚರ್ಚೆ ನಡೆದೇ ಇರುತ್ತದೆ. ಮಕ್ಕಳಿಗೆ ಅಕ್ಷರ ಬಾರದೆಂದು ಮರುಗುತ್ತೇವೆ. ಸಂಘದ ಗ್ರಂಥಾಲಯಕ್ಕೆ ಓದುಗರಿಲ್ಲವೆಂದು ಕೊರಗುತ್ತೇವೆ. ಈ ಕಳವಳವನ್ನು ನಾನು ಹಗುರವಾಗಿ ಕಾಣುವವನಲ್ಲ. ಆದರೆ ಕನ್ನಡವು ಬರಿಯ ಅಭಿಮಾನದ ಮಾತಾಗಿ ಉಳಿಯದೆ, ಒಬ್ಬ ಮನುಷ್ಯನಿಗೆ ತನ್ನ ದೇಹದ ಮೇಲಿರುವ ಹಕ್ಕಿನ ಮಾತಾಗುವ ಒಂದು ಸ್ಥಳವಿದೆ. ಅಲ್ಲಿ ನಮ್ಮ ಸಂಘಗಳು ಬಾಯಿ ತೆರೆದದ್ದನ್ನು ನಾನು ಕಂಡಿಲ್ಲ. ಆ ಸ್ಥಳ ದೊಡ್ಡ ಆಸ್ಪತ್ರೆಗಳ ಸಂಶೋಧನಾ ವಿಭಾಗದ ಮೇಜು. ಅಲ್ಲಿ ರೋಗಿಯ ಮುಂದೆ ಚಾಚಲಾಗುವ ಒಪ್ಪಿಗೆ ಪತ್ರ.

ಅದರಲ್ಲೂ ನಾನಿಲ್ಲಿ ಹೇಳಹೊರಟಿರುವುದು ರಕ್ತದ ಪೂರೈಕೆ ಕಡಿಮೆಯಾಗುವುದರಿಂದ ಬರುವ ರೋಗಗಳ ಸಂಶೋಧನೆಯ ಬಗ್ಗೆ. ವೈದ್ಯರು ಇದನ್ನು ಇಸ್ಕೀಮಿಯ ಎನ್ನುತ್ತಾರೆ. ನಮ್ಮವರು ಇದನ್ನು ರಕ್ತಹೀನತೆಯೊಡನೆ ಗೊಂದಲ ಮಾಡಿಕೊಳ್ಳುವುದುಂಟು. ಅದು ಬೇರೆ, ಇದು ಬೇರೆ. ಮೈಯಲ್ಲಿ ರಕ್ತ ಸಾಕಷ್ಟಿದ್ದರೂ ಅದನ್ನು ಒಯ್ಯುವ ನಾಳ ಕಿರಿದಾದರೆ ಅಥವಾ ಕಟ್ಟಿಕೊಂಡರೆ ಅದರಾಚೆಯ ಅಂಗ ಉಸಿರುಗಟ್ಟುತ್ತದೆ. ತೊಟ್ಟಿ ತುಂಬಿದ್ದರೂ ಕಾಲುವೆ ಹೂತುಹೋದರೆ ಕೊನೆಯ ಗದ್ದೆ ಒಣಗುವಂತೆ. ಹೃದಯದಲ್ಲಿ ಅದು ಎದೆನೋವು, ಹೃದಯಾಘಾತ, ಮಿದುಳಿನಲ್ಲಿ ಲಕ್ವ, ಕಾಲಿನಲ್ಲಿ ನಡೆದಾಗ ಬರುವ ಮೀನಖಂಡದ ನೋವು, ಮುಂದೆ ವಾಸಿಯಾಗದ ಹುಣ್ಣು, ಕಡೆಗೆ ಗ್ಯಾಂಗ್ರೀನ್.

ಈ ರೋಗಗಳು ನಮ್ಮ ಮನೆಯವೇ. 2004ರಲ್ಲಿ ಪ್ರಕಟವಾದ, 52 ದೇಶಗಳನ್ನೊಳಗೊಂಡ ಇಂಟರ್‌ಹಾರ್ಟ್ ಅಧ್ಯಯನದ ದತ್ತಾಂಶವನ್ನು ಆಧರಿಸಿ 2007ರಲ್ಲಿ ಬಂದ ಲೇಖನವೊಂದು, ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಸರಾಸರಿ 53ರ ವಯಸ್ಸಿನಲ್ಲಿ ಆಗುತ್ತದೆ, ಉಳಿದ ದೇಶಗಳವರಿಗೆ ಸುಮಾರು 59ರಲ್ಲಿ ಎಂದು ತೋರಿಸಿತು. ಚೆನ್ನೈನ ವಿಷಯಕ್ಕೆ ಬಂದರೆ, ಮಧುಮೇಹ ತಜ್ಞ ವಿ. ಮೋಹನ್ ಮತ್ತು ಸಂಗಡಿಗರು ತ್ಯಾಗರಾಯನಗರ ಮತ್ತು ತಿರುಮಂಗಲಂ ಪ್ರದೇಶಗಳಲ್ಲಿ 1,262 ಮಂದಿಯನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 11 ಮಂದಿಗೆ ಹೃದಯದ ರಕ್ತನಾಳದ ರೋಗ ಕಂಡುಬಂದಿತ್ತು. ತ್ಯಾಗರಾಯನಗರವೆಂದರೆ ಮೈಲಾಪೂರ್‌ಗೆ ದೂರದ ಊರೇನಲ್ಲ. ಕಪಾಲೀಶ್ವರನ ಮಾಡಬೀದಿಗಳಲ್ಲಿ, ಲಸ್ ಮೂಲೆಯ ಓಣಿಗಳಲ್ಲಿ ಮೂರು ನಾಲ್ಕು ತಲೆಮಾರುಗಳಿಂದ ಬಾಳಿದ ಕನ್ನಡ ಕುಟುಂಬಗಳ ಊಟ, ದುಡಿಮೆ, ಆತಂಕಗಳು ಆ ಪ್ರದೇಶಕ್ಕಿಂತ ಬೇರೆಯವಲ್ಲ.

ಆದ್ದರಿಂದ ಮೊದಲೇ ಸ್ಪಷ್ಟಪಡಿಸುತ್ತೇನೆ: ನಾನು ಸಂಶೋಧನೆಯ ವಿರೋಧಿಯಲ್ಲ. "ನಮ್ಮನ್ನು ಇಲಿಗಳಂತೆ ಬಳಸುತ್ತಾರೆ" ಎಂಬ ಸುಲಭದ ಕೂಗಿಗೆ ದನಿಗೂಡಿಸುವವನೂ ಅಲ್ಲ. ಹೃದಯಾಘಾತವಾದವನಿಗೆ ಇಂದು ಮೊದಲು ಕೊಡುವ ಆಸ್ಪಿರಿನ್ ಗುಳಿಗೆಯ ಬೆಲೆ ಜಗತ್ತಿಗೆ ತಿಳಿದದ್ದು 1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ಪ್ರಯೋಗದಿಂದ. ಅದರಲ್ಲಿ 17,187 ರೋಗಿಗಳು ಪಾಲ್ಗೊಂಡಿದ್ದರು. ಆಸ್ಪಿರಿನ್ ಮತ್ತು ಸ್ಟ್ರೆಪ್ಟೊಕೈನೇಸ್ ಎರಡನ್ನೂ ಪಡೆದವರಲ್ಲಿ ಐದು ವಾರದೊಳಗಿನ ಸಾವು ಶೇ. 8, ಎರಡನ್ನೂ ಪಡೆಯದವರಲ್ಲಿ ಶೇ. 13ಕ್ಕೂ ಹೆಚ್ಚು. ಆ ಅಪರಿಚಿತರು ತಮ್ಮ ದೇಹವನ್ನು ಪ್ರಯೋಗಕ್ಕೆ ಒಡ್ಡಿಕೊಂಡಿದ್ದರಿಂದಲೇ ನಮ್ಮ ಅಪ್ಪಂದಿರು ಅಣ್ಣಂದಿರು ಮನೆಗೆ ಮರಳಿದರು. ಋಣ ತೀರಿಸುವ ಸರದಿ ನಮಗೂ ಬರುತ್ತದೆ, ಬರಬೇಕು.

ಕನ್ನಡನಾಡಿಗೂ ಈ ಸಂಶೋಧನೆಯಲ್ಲಿ ಹೆಮ್ಮೆಯ ಪಾಲಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮೊದಲಾದವರು ನಡೆಸಿ 2008ರಲ್ಲಿ ಪ್ರಕಟಿಸಿದ 'ಕ್ರಿಯೇಟ್' ದಾಖಲಾತಿ ದೇಶದ 50 ನಗರಗಳ 89 ಆಸ್ಪತ್ರೆಗಳ 20,468 ಹೃದ್ರೋಗಿಗಳ ಲೆಕ್ಕವನ್ನು ನಮ್ಮ ಮುಂದಿಟ್ಟಿತು. ತೀವ್ರ ಹೃದಯಾಘಾತವಾದವರು ನೋವು ಶುರುವಾದ ಮೇಲೆ ಆಸ್ಪತ್ರೆಯ ಬಾಗಿಲು ಮುಟ್ಟಲು ತೆಗೆದುಕೊಂಡ ಕಾಲದ ಮಧ್ಯಮಾಂಕ 360 ನಿಮಿಷ. ಅಂದರೆ ಆರು ಗಂಟೆ. ಒಳಗೆ ಹೋದ ಮೇಲೆ ರಕ್ತಗಟ್ಟು ಕರಗಿಸುವ ಔಷಧಕ್ಕೆ ಹಿಡಿದದ್ದು 50 ನಿಮಿಷ. ಬಡವರಲ್ಲಿ 30 ದಿನದೊಳಗಿನ ಸಾವು ಶೇ. 8.2, ಸ್ಥಿತಿವಂತರಲ್ಲಿ ಶೇ. 5.5. ಒಂದು ದೇಶ ತನ್ನ ಮುಖವನ್ನು ನೋಡಿಕೊಳ್ಳಬೇಕಾದ ಕನ್ನಡಿ ಇದು. ತಮಿಳುನಾಡಿನಲ್ಲಿಯೂ ತಾಮಸ್ ಅಲೆಕ್ಸಾಂಡರ್, ಅಜಿತ್ ಮುಳ್ಳಸರಿ ಮೊದಲಾದವರು ಸಣ್ಣ ಆಸ್ಪತ್ರೆಗಳನ್ನು ದೊಡ್ಡವುಗಳೊಡನೆ ಜೋಡಿಸಿ, 2,420 ರೋಗಿಗಳ ಅಧ್ಯಯನವನ್ನು 2017ರಲ್ಲಿ ಪ್ರಕಟಿಸಿದರು. ವರ್ಷದೊಳಗಿನ ಸಾವು ಶೇ. 17.6ರಿಂದ 14.2ಕ್ಕೆ ಇಳಿದಿತ್ತು. ಹೊಸ ಔಷಧವಿಲ್ಲದೆ, ಬರಿಯ ವ್ಯವಸ್ಥೆಯ ಬಲದಿಂದ ಆದ ಕೆಲಸ.

ಇಷ್ಟು ಗೌರವವನ್ನು ಸಲ್ಲಿಸಿದ ಮೇಲೆ ನನ್ನ ತಕರಾರನ್ನು ಮಂಡಿಸುತ್ತೇನೆ. ನಮ್ಮ ರಕ್ತದೊತ್ತಡವನ್ನು ಅಳೆಯುತ್ತಾರೆ, ನಮ್ಮ ನಾಳಗಳ ಚಿತ್ರ ತೆಗೆಯುತ್ತಾರೆ, ನಮ್ಮ ಸಾವಿನ ದಿನಾಂಕವನ್ನೂ ಬರೆದುಕೊಳ್ಳುತ್ತಾರೆ. ನಾವು ಯಾವ ಭಾಷೆಯಲ್ಲಿ ಓದಿ ಅರ್ಥಮಾಡಿಕೊಳ್ಳುತ್ತೇವೆ ಎಂದು ಮಾತ್ರ ಕೇಳುವುದಿಲ್ಲ.

ಕಾನೂನು ಏನು ಹೇಳುತ್ತದೆ? 2019ರ ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಾವಳಿ, ಪ್ರಯೋಗದ ವಿವರಗಳನ್ನು ತಾಂತ್ರಿಕವಲ್ಲದ, ಪಾಲ್ಗೊಳ್ಳುವವನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ವಿಧಿಸುತ್ತದೆ. ಓದುಬರಹ ಬಾರದವನಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬ ಆದ್ಯಂತ ಹಾಜರಿರಬೇಕು. ಪತ್ರದ ಒಂದು ಪ್ರತಿ ರೋಗಿಯ ಕೈಗೆ ಬರಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ, ಪರಿಹಾರಗಳ ವಿಚಾರ ಅದರಲ್ಲಿರಬೇಕು; ಯಾವಾಗ ಬೇಕಾದರೂ ಕಾರಣ ಹೇಳದೆ ಹಿಂದೆ ಸರಿಯಬಹುದು, ಸರಿದರೆ ಮಾಮೂಲು ಚಿಕಿತ್ಸೆಗೆ ಕುಂದಿಲ್ಲ ಎಂಬುದೂ ಇರಬೇಕು. ಔಷಧವಲ್ಲದ ಇತರ ಸಂಶೋಧನೆಗಳಿಗೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇದೇ ತತ್ತ್ವವನ್ನು ಹೇರುತ್ತದೆ. ಈ ನಿಯಮಗಳು ಆಕಾಶದಿಂದ ಉದುರಿದವಲ್ಲ. ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, ಖಮ್ಮಂನ ಹಾಸ್ಟೆಲ್‌ಗಳಲ್ಲಿ ಬುಡಕಟ್ಟು ಹುಡುಗಿಯರ ಪರವಾಗಿ ವಾರ್ಡನ್‌ಗಳು ಲಸಿಕೆಯ ಅಧ್ಯಯನಕ್ಕೆ ಸಹಿ ಹಾಕಿದ್ದನ್ನು 2013ರಲ್ಲಿ ಸಂಸದೀಯ ಸಮಿತಿ ಬಯಲಿಗೆಳೆದ ಮೇಲೆ, ಬಿಗಿಯಾದ ಕಟ್ಟುಪಾಡುಗಳಿವು.

ಕಡತಗಳ ನಡುವೆ ಮೂರು ದಶಕ ಕಳೆದ ನನ್ನಂಥವನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ನಿಯಮದ ಪಾಲನೆಯೆಂದರೆ ಬಹುಪಾಲು ಸಹಿಯ ಪಾಲನೆ. ಕಾಗದದ ಕೆಳಗೆ ಸಹಿ ಇದೆಯೇ? ಇದೆ. ದಿನಾಂಕ ಇದೆಯೇ? ಇದೆ. ಹಾಗಾದರೆ ಕಡತ ಮುಂದೆ ಹೋಗಲಿ. ಸಹಿ ಮಾಡಿದವನು ಮೇಲಿನ ಪುಟಗಳನ್ನು ಓದಬಲ್ಲನೇ ಎಂಬ ಪ್ರಶ್ನೆಗೆ ಯಾವ ಕಲಮಿನಲ್ಲೂ ಜಾಗವಿಲ್ಲ.

ಮೈಲಾಪೂರ್‌ನ ನಮ್ಮ ಹಿರಿಯರನ್ನೇ ನೋಡಿ. ಹುಟ್ಟಿದಂದಿನಿಂದ ಇಲ್ಲಿಯೇ ಇದ್ದವರಿಗೆ ತಮಿಳು ನೀರು ಕುಡಿದಷ್ಟು ಸಲೀಸು. ಆದರೆ ಅವರಲ್ಲಿ ಎಷ್ಟೋ ಮಂದಿಗೆ ಅದು ಬಾಯಿಯ ಭಾಷೆ, ಕಣ್ಣಿನ ಭಾಷೆಯಲ್ಲ. ಇನ್ನು ನಿವೃತ್ತಿಯ ಬಳಿಕ, ಗಂಡನನ್ನು ಕಳೆದುಕೊಂಡ ಬಳಿಕ ತೀರ್ಥಹಳ್ಳಿಯಿಂದಲೋ ಕುಂದಾಪುರದಿಂದಲೋ ಧಾರವಾಡದಿಂದಲೋ ಮಗನ ಮನೆಗೆ ಬಂದು ಸೇರಿದವರಿದ್ದಾರೆ. ತರಕಾರಿಯವಳೊಡನೆ ಚೌಕಾಸಿ ಮಾಡುವಷ್ಟು ತಮಿಳು ಕಲಿತಿದ್ದಾರೆ. ಓದುವುದು ಕನ್ನಡ ಮಾತ್ರ. ರಕ್ತನಾಳದ ರೋಗಗಳು ಬರುವುದೂ ಈ ವಯಸ್ಸಿನವರಿಗೇ. ನನ್ನ ಪರಿಚಯದ ಇಂಥ ಒಬ್ಬ ತಾಯಿಗೆ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ ಮರುದಿನ ಆಸ್ಪತ್ರೆಯೊಂದರಲ್ಲಿ ಅಧ್ಯಯನದ ಪತ್ರ ತಂದರು. ಒಂದು ಪ್ರತಿ ಇಂಗ್ಲಿಷ್, ಒಂದು ಪ್ರತಿ ತಮಿಳು. "ಇದು ಏನಪ್ಪಾ?" ಎಂದು ಆಕೆ ಕೇಳಿದ್ದಕ್ಕೆ, "ಏನಿಲ್ಲಮ್ಮ, ಆಸ್ಪತ್ರೆಯವರ ಫಾರಂ, ಸಹಿ ಹಾಕಿಬಿಡಿ" ಎಂದು ಮನೆಯವರೇ ಉತ್ತರಿಸಿದರು. ಆಕೆ ಶುದ್ಧವಾದ ಕನ್ನಡದಲ್ಲಿ, ಪೂರ್ತಿ ಹೆಸರು ಬರೆದು ಸಹಿ ಮಾಡಿದರು. ಆ ಇಡೀ ಪತ್ರದಲ್ಲಿ ಕನ್ನಡವಿದ್ದದ್ದು ಆ ಒಂದು ಸಾಲಿನಲ್ಲಿ. ಓದು ಬಲ್ಲ ಹೆಂಗಸನ್ನು ಅನಕ್ಷರಸ್ಥೆಯನ್ನಾಗಿ ಮಾಡಲು ಇಷ್ಟು ಸಾಕು. ಅನಕ್ಷರಸ್ಥೆಗಾದರೆ ಕಾನೂನು ಒಬ್ಬ ಸಾಕ್ಷಿಯನ್ನಾದರೂ ಕೊಡುತ್ತದೆ. ಈಕೆ ಸಹಿ ಬಲ್ಲವಳಾದ್ದರಿಂದ ಅದೂ ಇಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಮೂರು. ಒಂದೊಂದನ್ನಾಗಿ ಎತ್ತಿಕೊಳ್ಳೋಣ.

ಮೊದಲನೆಯದು: "ತಮಿಳುನಾಡಿನಲ್ಲಿದ್ದೀರಿ, ತಮಿಳು ಕಲಿಯಿರಿ." ಕಲಿಯಲೇಬೇಕು, ಉಣ್ಣುವ ನೆಲದ ನುಡಿಯನ್ನು ಕಲಿಯದವನು ಕೃತಘ್ನ. ನನಗೆ ತಮಿಳಿನೊಡನೆ ಜಗಳವಿಲ್ಲ. ಇದೇ ಬೇಡಿಕೆಯನ್ನು ಬೆಂಗಳೂರಿನ ತಮಿಳರ ಪರವಾಗಿಯೂ ಮುಂದಿಡುತ್ತೇನೆ: ಅಲ್ಲಿನ ಹಲಸೂರಿನ ಅಜ್ಜಿಯೊಬ್ಬಳಿಗೆ ತಮಿಳಿನ ಒಪ್ಪಿಗೆ ಪತ್ರ ಸಿಗಲೇಬೇಕು. ಆದರೆ ಎಪ್ಪತ್ತರ ವಯಸ್ಸಿನಲ್ಲಿ ಎದೆಗೆ ತಂತಿ ಅಂಟಿಸಿಕೊಂಡು ಮಲಗಿದವರು ಹೊಸ ಲಿಪಿಯನ್ನು ಕಲಿಯಲೆಂದು ಯಾವ ವಿವೇಕಿಯೂ ಹೇಳಲಾರ. ನಮ್ಮ ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಲು ಪ್ರಯತ್ನಿಸಬೇಕೆನ್ನುತ್ತದೆ. ಮೊಮ್ಮಗ ತಾಯ್ನುಡಿಯಲ್ಲಿ ಮಗ್ಗಿ ಕಲಿಯುವುದು ಯೋಗ್ಯವಾದರೆ, ಅಜ್ಜ ತನ್ನ ದೇಹದ ಪ್ರಶ್ನೆಯನ್ನು ತಾಯ್ನುಡಿಯಲ್ಲಿ ಓದುವುದು ಅಯೋಗ್ಯವೇ?

ಎರಡನೆಯದು: "ನಾಲ್ಕು ಜನರಿಗಾಗಿ ಅನುವಾದದ ಖರ್ಚು ಯಾರು ಹೊರುವುದು?" ಮೊದಲಿಗೆ, ನಾವು ನಾಲ್ಕು ಜನರಲ್ಲ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡ ತಾಯ್ನುಡಿಯವರು 12 ಲಕ್ಷಕ್ಕೂ ಹೆಚ್ಚು. ಎರಡನೆಯದಾಗಿ, ಆ ಖರ್ಚು ಆಗಲೇ ಆಗಿಹೋಗಿದೆ! ದೊಡ್ಡ ಪ್ರಯೋಗಗಳು ಒಂದೇ ಊರಿನಲ್ಲಿ ನಡೆಯುವುದಿಲ್ಲ. ಚೆನ್ನೈನಲ್ಲಿ ಒಂದು ಕೇಂದ್ರವಿದ್ದರೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮಣಿಪಾಲದಲ್ಲೋ ಇನ್ನೊಂದು ಇರುವುದು ಸಾಮಾನ್ಯ. ಅಲ್ಲಿನ ನೈತಿಕ ಸಮಿತಿ ಒಪ್ಪಿದ ಕನ್ನಡದ ಪತ್ರ ಅಲ್ಲಿನ ಕಪಾಟಿನಲ್ಲಿ ಸಿದ್ಧವಾಗಿ ಕುಳಿತಿರುತ್ತದೆ. ಅದನ್ನು ತರಿಸಿ, ಇಲ್ಲಿನ ಸಮಿತಿಯ ಮುಂದಿಟ್ಟು ಅನುಮೋದನೆ ಪಡೆಯುವುದಕ್ಕೆ ಬೇಕಾದದ್ದು ಕೋಟಿಗಟ್ಟಲೆ ಹಣವಲ್ಲ, ಒಂದು ಪತ್ರ ಮತ್ತು ಸ್ವಲ್ಪ ಮರ್ಯಾದೆ. ಪ್ರಯೋಗಗಳ ರಾಷ್ಟ್ರೀಯ ದಾಖಲಾತಿ 2007ರಲ್ಲಿ ಆರಂಭವಾಗಿ 2009ರ ಜೂನ್ 15ರಿಂದ ಕಡ್ಡಾಯವಾಗಿದೆ. ಯಾವ ಪ್ರಯೋಗ ಯಾವ ಯಾವ ಊರಿನಲ್ಲಿ ನಡೆಯುತ್ತಿದೆ ಎಂಬುದನ್ನು ಯಾರು ಬೇಕಾದರೂ ನೋಡಬಹುದು. ಬೆಂಗಳೂರು ಮತ್ತು ಚೆನ್ನೈ ಎರಡೂ ಇದ್ದಲ್ಲಿ ಖರ್ಚಿನ ನೆಪ ಅಲ್ಲಿಗೆ ಮುಗಿಯಿತು.

ಮೂರನೆಯದು ಹೆಚ್ಚು ಗಂಭೀರ: "ಇವು ತುರ್ತಿನ ರೋಗಗಳು, ಭಾಷೆ ನೋಡುತ್ತ ಕೂರಲು ವೇಳೆಯೆಲ್ಲಿ?" ಲಕ್ವ ಹೊಡೆದವನ ಮಿದುಳಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ಅಂದಾಜು, ರಕ್ತಗಟ್ಟು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ. ನಿಜ, ಚಿಕಿತ್ಸೆ ಒಂದು ಕ್ಷಣವೂ ಕಾಯಬಾರದು. ಆದರೆ ಚಿಕಿತ್ಸೆಯ ಒಪ್ಪಿಗೆ ಬೇರೆ, ಪ್ರಯೋಗದ ಒಪ್ಪಿಗೆ ಬೇರೆ. ಈ ಎರಡನ್ನೂ ಬೆರೆಸುವುದೇ ಎಲ್ಲ ಅನ್ಯಾಯದ ಮೂಲ. ಮತ್ತೆ, ಹೊತ್ತು ಕಡಿಮೆಯಿದ್ದಷ್ಟೂ ತಾಯ್ನುಡಿಯ ಅಗತ್ಯ ಹೆಚ್ಚೇ ಹೊರತು ಕಡಿಮೆಯಲ್ಲ. ಹತ್ತು ನಿಮಿಷದಲ್ಲಿ ಅರ್ಥವಾಗಬೇಕಾದದ್ದನ್ನು ಎರಡನೆಯ, ಮೂರನೆಯ ಭಾಷೆಯಲ್ಲಿ ಹೇಳಿದರೆ ಹೇಳಿದವನಿಗೆ ಸಮಾಧಾನವಾದೀತು, ಕೇಳಿದವನಿಗೆ ಏನಾಯಿತು?

ಲಕ್ವವಂತೂ ಭಾಷೆಯನ್ನೇ ಕಸಿಯುವ ರೋಗ. ಮಿದುಳಿನ ಎಡಭಾಗದ ನಾಳ ಕಟ್ಟಿಕೊಂಡಾಗ ಮಾತು ಕುಸಿಯುತ್ತದೆ. ಹಲವು ಭಾಷೆ ಬಲ್ಲವರಲ್ಲಿ ಎಲ್ಲವೂ ಒಂದೇ ಅಳತೆಯಲ್ಲಿ ಮರಳುವುದಿಲ್ಲ. ಕೆಲವರಿಗೆ ಬಾಲ್ಯದ ನುಡಿ ಮೊದಲು, ಕೆಲವರಿಗೆ ದಿನಬಳಕೆಯ ನುಡಿ ಮೊದಲು. ಫ್ರಾನ್ಸಿನ ರಿಬೋ ಮತ್ತು ಪಿತ್ರ್ 19ನೆಯ ಶತಮಾನದಲ್ಲೇ ಇದನ್ನು ಚರ್ಚಿಸಿದ್ದರು. ನಮ್ಮ ಕಾಲದಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ 608 ರೋಗಿಗಳನ್ನು ಅಧ್ಯಯನ ಮಾಡಿದರು. ಎಲ್ಲರೂ ರಕ್ತಪೂರೈಕೆಯ ಕೊರತೆಯಿಂದ ಲಕ್ವಕ್ಕೆ ತುತ್ತಾದವರು. ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಶೇ. 40.5 ಮಂದಿಯ ಗ್ರಹಿಕೆ, ನೆನಪು, ವಿವೇಚನೆಗಳು ಸಹಜವಾಗಿ ಉಳಿದಿದ್ದವು. ಒಂದೇ ಭಾಷೆಯವರಲ್ಲಿ ಶೇ. 19.6 ಮಾತ್ರ. 2016ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಪ್ರತಿಯೊಂದು ಹೊರನಾಡ ಸಂಘದ ಗೋಡೆಯ ಮೇಲೆ ತೂಗುಹಾಕಬೇಕು. ಮಕ್ಕಳಿಗೆ ಕನ್ನಡವೇಕೆ ಎಂದು ಕೇಳುವ ತಾಯ್ತಂದೆಯರಿಗೆ ಭಾವುಕವಲ್ಲದ ಉತ್ತರ ಇಲ್ಲಿದೆ. ಹಾಗೆಯೇ ಸಂಶೋಧಕರಿಗೂ ಒಂದು ಪಾಠವಿದೆ: ರೋಗಿಗೆ ಯಾವ ಯಾವ ಭಾಷೆ ಬರುತ್ತದೆಂಬುದು ಕೂಡ ರಕ್ತದೊತ್ತಡದಷ್ಟೇ ದಾಖಲಾಗಬೇಕಾದ ಸಂಗತಿ.

ಭಾಷೆಯನ್ನು ಕಡೆಗಣಿಸಿದರೆ ಕೆಡುವುದು ನ್ಯಾಯ ಮಾತ್ರವಲ್ಲ, ವಿಜ್ಞಾನವೂ ಕೆಡುತ್ತದೆ. ಹೃದಯದ ಮತ್ತು ಕಾಲಿನ ರಕ್ತಕೊರತೆಯನ್ನು ಪ್ರಶ್ನೆಗಳ ಮೂಲಕ ಪತ್ತೆಹಚ್ಚಲು ಇಂಗ್ಲೆಂಡಿನ ಜೆಫ್ರಿ ರೋಸ್ 1962ರಲ್ಲಿ ಒಂದು ಪ್ರಶ್ನಾವಳಿಯನ್ನು ರೂಪಿಸಿದರು. ಲೋಕದ ಹಲವು ಭಾಷೆಗಳಿಗೆ ಅದು ಹೋಗಿದೆ. ನಡೆಯುವಾಗ ಮೀನಖಂಡದಲ್ಲಿ ನೋವು ಬರುತ್ತದೆಯೇ, ನಿಂತರೆ ಹೋಗುತ್ತದೆಯೇ ಎಂಬುದು ಅದರ ತಿರುಳು. ಈ ನೋವಿಗೆ ನಮ್ಮವರು 'ಸೆಳೆತ' ಎಂದಾರು, 'ಹಿಡಿದುಕೊಂಡಿತು' ಎಂದಾರು. 'ಜೋಮು' ಎಂದರೆ ಬೇರೆಯೇ ಅರ್ಥ. ಎದೆಯ ವಿಷಯದಲ್ಲಿಯೂ 'ನೋವಿಲ್ಲ, ಒಂಥರಾ ಸಂಕಟ', 'ಎದೆ ಹಿಂಡಿದ ಹಾಗೆ', 'ಗ್ಯಾಸು' ಎನ್ನುವವರೇ ಹೆಚ್ಚು. ಕನ್ನಡದ 'ಸಂಕಟ'ವನ್ನು ಮನಸ್ಸಿನ ದುಃಖವೆಂದು ಬರೆದುಕೊಂಡ ಸಹಾಯಕ ಒಬ್ಬ ಹೃದ್ರೋಗಿಯನ್ನು ಲೆಕ್ಕದಿಂದ ಹೊರಗಿಟ್ಟಂತೆಯೇ. ಕ್ರಿಯೇಟ್ ಅಧ್ಯಯನ ಕಂಡ ಆ ಆರು ಗಂಟೆಯ ವಿಳಂಬದಲ್ಲಿ ದೂರ, ಬಡತನ, ವಾಹನದ ಕೊರತೆಗಳ ಜೊತೆಗೆ ತನ್ನ ನೋವಿಗೆ ಸರಿಯಾದ ಹೆಸರು ಸಿಗದ ಗೊಂದಲವೂ ಸೇರಿರಬೇಕೆಂದು ನನ್ನ ಅನುಮಾನ.

ಇಲ್ಲಿ ಕನ್ನಡದ ಪಂಡಿತರನ್ನೂ ಬಿಡುವಂತಿಲ್ಲ. ಕನ್ನಡದಲ್ಲಿ ಪತ್ರ ಸಿಕ್ಕರೂ ಅದು ಕನ್ನಡವಾಗಿರಬೇಕಲ್ಲ! 'ಯಾದೃಚ್ಛೀಕರಣ', 'ಮಾಹಿತಿಯುಕ್ತ ಸಮ್ಮತಿ', 'ಪ್ರತಿಕೂಲ ಘಟನೆ' ಎಂದು ಬರೆದರೆ ಇಂಗ್ಲಿಷೇ ವಾಸಿ ಎನಿಸುತ್ತದೆ. ಯಾವ ಔಷಧ ಯಾರಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತೇವೆ. ನಿಮಗೆ ಸಿಗುವುದು ಔಷಧವಿಲ್ಲದ ಹುಸಿ ಗುಳಿಗೆಯೂ ಆಗಿರಬಹುದು. ಅದು ನಿಮಗೂ ತಿಳಿಯದು, ವೈದ್ಯರಿಗೂ ತಿಳಿಯದು. ಹೀಗೆ ಬರೆಯಲು ಯಾವ ನಿಘಂಟೂ ಬೇಡ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಕಾಲಿನ ತೀವ್ರ ರಕ್ತಕೊರತೆಗೆಂದು ದಾನಿಗಳ ಮೂಳೆಮಜ್ಜೆಯ ಕೋಶಗಳಿಂದ ಸಿದ್ಧಪಡಿಸಿದ ಚಿಕಿತ್ಸೆ ಕೇಂದ್ರ ಔಷಧ ನಿಯಂತ್ರಕರ ಅನುಮತಿಯನ್ನು 2020ರಲ್ಲಿ ಪಡೆಯಿತು. ಬೇರೊಬ್ಬರ ಮಜ್ಜೆಯ ಕೋಶವನ್ನು ನಿಮ್ಮ ಮೀನಖಂಡಕ್ಕೆ ಚುಚ್ಚುತ್ತೇವೆ ಎಂಬುದನ್ನು ಬೀಡಿ ಸೇದಿ ಕಾಲು ಕೆಡಿಸಿಕೊಂಡ ಕೂಲಿಯವನಿಗೂ ಅರ್ಥವಾಗುವಂತೆ ಹೇಳುವುದು ಕನ್ನಡಕ್ಕೆ ಅಸಾಧ್ಯವೇನಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರವನ್ನು ನಗುನಗುತ್ತ ಕನ್ನಡಿಸಿದರು. ವೈದ್ಯೆ ಅನುಪಮಾ ನಿರಂಜನ 'ತಾಯಿ-ಮಗು' ಬರೆದು ಮನೆಮನೆ ಮುಟ್ಟಿದರು. ದಾರಿ ಹಾಕಿಕೊಟ್ಟವರಿದ್ದಾರೆ, ನಡೆಯುವವರು ಬೇಕು.

ಹಾಗಾದರೆ ಸಂಘಗಳು ಮಾಡಬೇಕಾದದ್ದೇನು? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡಾಗ ಹೊರನಾಡಿನಲ್ಲಿಯೂ ದೀಪ ಹಚ್ಚಿ ಕಣ್ಣೀರಿಟ್ಟೆವು. ಕರ್ನಾಟಕ ಸರ್ಕಾರ 2023ರಲ್ಲಿ ಅವರ ಹೆಸರಿನಲ್ಲಿ ಹೃದಯಜ್ಯೋತಿ ಯೋಜನೆಯನ್ನು ಆರಂಭಿಸಿ, ಹೃದಯಾಘಾತದ ತುರ್ತು ಚಿಕಿತ್ಸೆಯನ್ನು ತಾಲ್ಲೂಕು ಆಸ್ಪತ್ರೆಗಳಿಗೆ ಒಯ್ಯಲು ಹೊರಟಿತು. ನಾವು ದೀಪ ಆರಿದ ಮೇಲೆ ಏನು ಮಾಡಿದೆವು?

ಮೂರು ಕೆಲಸಗಳನ್ನು ಸೂಚಿಸುತ್ತೇನೆ. ಮೂರಕ್ಕೂ ಸಭಾಂಗಣ ಬೇಡ, ದೇಣಿಗೆ ಬೇಡ. ಒಂದು, ಹೃದ್ರೋಗ ಮತ್ತು ನರರೋಗಗಳ ಪ್ರಯೋಗ ನಡೆಸುವ ಚೆನ್ನೈನ ಆಸ್ಪತ್ರೆಗಳ ನೈತಿಕ ಸಮಿತಿಗಳಿಗೆ ಸಂಘದ ಪರವಾಗಿ ಪತ್ರ ಬರೆದು, ಕರ್ನಾಟಕದಲ್ಲಿ ಅನುಮೋದನೆ ಪಡೆದ ಕನ್ನಡ ಪ್ರತಿಯನ್ನು ತರಿಸಿಡಬೇಕೆಂದು ಕೇಳುವುದು. ಎರಡು, ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ನಿವೃತ್ತ ಬ್ಯಾಂಕ್ ನೌಕರರು, ಶಿಕ್ಷಕರು, ನಮ್ಮಂಥ ಸರ್ಕಾರಿ ನೌಕರರ ಒಂದು ಪಟ್ಟಿಯನ್ನು ಸಿದ್ಧಪಡಿಸಿ, ಕರೆದಾಗ ಆಸ್ಪತ್ರೆಗೆ ಹೋಗಿ ನಿಷ್ಪಕ್ಷಪಾತ ಸಾಕ್ಷಿಯಾಗಿ ಕುಳಿತುಕೊಳ್ಳುವ ವ್ಯವಸ್ಥೆ. ಮೂರು, ನೈತಿಕ ಸಮಿತಿಯಲ್ಲೇ ಸ್ಥಾನ. 2019ರ ನಿಯಮದಂತೆ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು. ಅರ್ಧದಷ್ಟು ಮಂದಿ ಆ ಸಂಸ್ಥೆಗೆ ಸೇರದವರಾಗಿರಬೇಕು. ವೈದ್ಯನಲ್ಲದ ಒಬ್ಬ ಸಾಮಾನ್ಯ ನಾಗರಿಕ ಇರಲೇಬೇಕು. ಆ ಸಾಮಾನ್ಯ ನಾಗರಿಕ ಕನ್ನಡಿಗನಾಗಬಾರದೆಂದು ಎಲ್ಲಿಯೂ ಬರೆದಿಲ್ಲ. ಸಂಘದ ಅಧ್ಯಕ್ಷ ಪದವಿಗೆ ನಡೆಯುವ ಪೈಪೋಟಿಯ ಹತ್ತರಲ್ಲೊಂದು ಪಾಲು ಉತ್ಸಾಹ ಈ ಕುರ್ಚಿಗೆ ಬಂದರೆ ಸಾಕು.

ಇದು ಕನ್ನಡಿಗರಿಗೆ ರಿಯಾಯಿತಿ ಕೊಡಿ ಎಂಬ ಬೇಡಿಕೆಯಲ್ಲ. ಒಪ್ಪುವುದಕ್ಕೂ ಒಲ್ಲೆನೆನ್ನುವುದಕ್ಕೂ ತಿಳಿವಳಿಕೆ ಬೇಕು. ತಿಳಿಯದೆ ಕೊಟ್ಟ ಒಪ್ಪಿಗೆ ದಾನವಲ್ಲ, ಕಳವು. ನಮ್ಮ ಹಿರಿಯರು ವಿಜ್ಞಾನಕ್ಕೆ ತಮ್ಮ ರಕ್ತವನ್ನು ಕೊಡಲಿ, ತಮ್ಮ ನೋವಿನ ಲೆಕ್ಕವನ್ನು ಕೊಡಲಿ, ಮುಂದಿನವರು ಬದುಕಲಿ. ಆದರೆ ಕೊಡುವ ಮೊದಲು ಓದಲಿ; ಓದಿ, ಬೇಡವೆನಿಸಿದರೆ ಬೇಡವೆನ್ನಲಿ. ಒಲ್ಲೆ ಎನ್ನುವ ಅವಕಾಶವಿಲ್ಲದ ಕಡೆ ಹೂಂ ಎಂಬುದಕ್ಕೆ ಬೆಲೆಯಿಲ್ಲ.